ವಾಟರ್‌ಗೇಟ್ ಮತ್ತು ನಿಕ್ಸನ್ ಟೇಪ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1974ರ ಆಗಸ್ಟ್ 9ರಂದು ಅಧಿಕಾರ ಬಿಟ್ಟು ಹೊರಟರು. ಆ ದೇಶದ ಇತಿಹಾಸದಲ್ಲಿ ರಾಜೀನಾಮೆ ಕೊಟ್ಟ ಅಧ್ಯಕ್ಷರು ಅವರೊಬ್ಬರೇ. ಅವರ ವಿರುದ್ಧ ನಿಂತ ದೊಡ್ಡ ಸಾಕ್ಷಿ ಅವರದೇ ಧ್ವನಿ. ಈ ವಿಷಯದ ಬಗ್ಗೆ ಉಪನ್ಯಾಸ ಮುಗಿದ ಮೇಲೆ, ಪತ್ರಗಳಲ್ಲಿ, ಸ್ನೇಹಿತರ ನಡುವಿನ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಹೊಸಬರು ಮೊದಲಿನಿಂದ ಓದಬಹುದು. ಘಟನೆ ಗೊತ್ತಿರುವವರು ನೇರವಾಗಿ ಕೊನೆಯ ಭಾಗಕ್ಕೆ ಹೋದರೂ ನಡೆಯುತ್ತದೆ.

## ಮೊದಲ ಪರಿಚಯ

ವಾಟರ್‌ಗೇಟ್ ಎಂದರೆ ಊರಿನ ಹೆಸರೋ, ಹಗರಣದ ಹೆಸರೋ?

ಕಟ್ಟಡದ ಹೆಸರು. ವಾಷಿಂಗ್ಟನ್ ನಗರದಲ್ಲಿ ಪೊಟೊಮ್ಯಾಕ್ ನದಿಯ ದಡದಲ್ಲಿ ಹೋಟೆಲ್, ವಸತಿ, ಕಚೇರಿಗಳೆಲ್ಲ ಸೇರಿದ ಒಂದು ಸಮುಚ್ಚಯವಿದೆ. 1972ರಲ್ಲಿ ಅದರ ಕಚೇರಿ ಕಟ್ಟಡದ ಆರನೇ ಮಹಡಿಯಲ್ಲಿ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಕಾರ್ಯಾಲಯವಿತ್ತು. ನಿಕ್ಸನ್ ರಿಪಬ್ಲಿಕನ್ ಪಕ್ಷದವರು. ಹೀಗಾಗಿ ಅದು ಅವರ ಎದುರಾಳಿಗಳ ಕಚೇರಿ.

ಆ ವರ್ಷದ ಜೂನ್ 17ರ ನಸುಕಿನಲ್ಲಿ ಫ್ರಾಂಕ್ ವಿಲ್ಸ್ ಎಂಬ 24 ವರ್ಷದ ಕಾವಲುಗಾರ ಸುತ್ತು ಹಾಕುತ್ತಿದ್ದಾಗ ಒಂದು ಬಾಗಿಲಿನ ಚಿಲಕ ಬೀಳದಂತೆ ಅಂಟುಪಟ್ಟಿ ಹಚ್ಚಿರುವುದು ಕಂಡಿತು. ಯಾರೋ ಕೆಲಸದವರು ಹಚ್ಚಿ ಮರೆತಿರಬೇಕು ಎಂದುಕೊಂಡು ಕಿತ್ತು ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದು ನೋಡಿದರೆ ಅದೇ ಜಾಗದಲ್ಲಿ ಹೊಸ ಪಟ್ಟಿ. ಪೊಲೀಸರಿಗೆ ಫೋನ್ ಮಾಡಿದರು. ಬಂದ ಪೊಲೀಸರು ಸಾದಾ ಉಡುಪಿನಲ್ಲಿದ್ದುದರಿಂದ ಒಳಹೊಕ್ಕವರ ಪರವಾಗಿ ಎದುರಿನ ಮೋಟೆಲ್‌ನಲ್ಲಿ ಕುಳಿತು ಕಾಯುತ್ತಿದ್ದವನಿಗೆ ಸಮಯಕ್ಕೆ ಅನುಮಾನ ಬರಲಿಲ್ಲ. ಆರನೇ ಮಹಡಿಯಲ್ಲಿ ಐವರು ಸಿಕ್ಕಿಬಿದ್ದರು. ಕೈಗೆ ರಬ್ಬರ್ ಗವಸು, ಜೊತೆಗೆ ಕ್ಯಾಮೆರಾ, ಕದ್ದಾಲಿಕೆ ಸಾಧನಗಳು, ಅನುಕ್ರಮ ಸಂಖ್ಯೆಯ 100 ಡಾಲರ್ ನೋಟುಗಳು. ಐವರಲ್ಲಿ ಒಬ್ಬನಾದ ಜೇಮ್ಸ್ ಮೆಕಾರ್ಡ್ ನಿಕ್ಸನ್ ಮರುಚುನಾವಣಾ ಸಮಿತಿಯ ಭದ್ರತಾ ಮುಖ್ಯಸ್ಥ. ಅಲ್ಲಿಂದ ಮುಂದಿನ ಎರಡು ವರ್ಷಗಳಲ್ಲಿ ಬಯಲಾದ ಎಲ್ಲದಕ್ಕೂ ಸೇರಿ ಈ ಕಟ್ಟಡದ ಹೆಸರೇ ಅಂಟಿಕೊಂಡಿತು.

ಕಳ್ಳರು ಏನನ್ನು ಕದಿಯಲು ಹೋಗಿದ್ದರು?

ಹಣ, ಒಡವೆ ಅಲ್ಲ. ಮೇ ತಿಂಗಳ ಕೊನೆಯಲ್ಲಿ ಒಮ್ಮೆ ಇದೇ ತಂಡ ಒಳಹೊಕ್ಕು ಫೋನ್‌ಗಳಿಗೆ ಕದ್ದಾಲಿಕೆ ಸಾಧನ ಅಳವಡಿಸಿತ್ತು. ಅವುಗಳಲ್ಲಿ ಒಂದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅದನ್ನು ಸರಿಪಡಿಸುವುದು, ಕಾಗದಪತ್ರಗಳ ಛಾಯಾಚಿತ್ರ ತೆಗೆಯುವುದು ಎರಡನೇ ಭೇಟಿಯ ಕೆಲಸ. ನಿರ್ದಿಷ್ಟವಾಗಿ ಯಾವ ಮಾಹಿತಿ ಬೇಕಿತ್ತು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ.

ಹೇಗೂ ಗೆಲ್ಲುವ ಚುನಾವಣೆ. ಇಂಥ ಕೆಲಸಕ್ಕೆ ಏಕೆ ಕೈ ಹಾಕಿದರು?

ಎಲ್ಲರನ್ನೂ ಕಾಡುವ ಪ್ರಶ್ನೆ ಇದು. 1972ರ ನವೆಂಬರ್‌ನಲ್ಲಿ ನಿಕ್ಸನ್ 50 ರಾಜ್ಯಗಳ ಪೈಕಿ 49ರಲ್ಲಿ ಗೆದ್ದರು. ಎದುರಾಳಿ ಜಾರ್ಜ್ ಮೆಕ್‌ಗವರ್ನ್ ಅವರಿಗೆ ದಕ್ಕಿದ್ದು ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ.

ಆದರೆ ಯೋಜನೆ ರೂಪುಗೊಂಡಾಗ ಗೆಲುವು ಇಷ್ಟು ಖಚಿತವಾಗಿ ಕಾಣುತ್ತಿರಲಿಲ್ಲ. 1960ರಲ್ಲಿ ಕೆನಡಿ ಎದುರು ಕೂದಲೆಳೆಯ ಅಂತರದಲ್ಲಿ ಸೋತಿದ್ದನ್ನು ನಿಕ್ಸನ್ ಮರೆತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಶ್ವೇತಭವನದಲ್ಲಿ ಇಂಥ ಕೆಲಸಗಳು ಆಗಲೇ ರೂಢಿಯಾಗಿದ್ದವು. 1971ರ ಜೂನ್‌ನಲ್ಲಿ ವಿಯೆಟ್ನಾಂ ಯುದ್ಧದ ರಹಸ್ಯ ದಾಖಲೆಗಳು ಪತ್ರಿಕೆಗಳಲ್ಲಿ ಪ್ರಕಟವಾದ ಮೇಲೆ ಮಾಹಿತಿ ಸೋರಿಕೆ ತಡೆಯಲೆಂದು ಒಂದು ಗುಪ್ತ ತಂಡ ಕಟ್ಟಿದರು. ದಾಖಲೆ ಬಯಲು ಮಾಡಿದ ಡೇನಿಯಲ್ ಎಲ್ಸ್‌ಬರ್ಗ್ ಅವರ ಮನೋವೈದ್ಯರ ಕಚೇರಿಗೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಈ ತಂಡದವರು ಕನ್ನ ಹಾಕಿಸಿದರು. ಅದನ್ನು ನಡೆಸಿದ ಹೋವರ್ಡ್ ಹಂಟ್ ಮತ್ತು ಗಾರ್ಡನ್ ಲಿಡ್ಡಿ ಅವರೇ ವಾಟರ್‌ಗೇಟ್ ದಾಳಿಯ ಸೂತ್ರಧಾರರು. ಮೊದಲ ಸಲ ಯಾರೂ ಕೇಳಲಿಲ್ಲ, ಎರಡನೆಯದಕ್ಕೆ ಧೈರ್ಯ ಬಂತು. ನನ್ನ ಮಟ್ಟಿಗೆ ನಿಜವಾದ ಉತ್ತರ ಇದೇ.

ಒಳನುಗ್ಗಲು ಹೇಳಿದವರು ಸ್ವತಃ ನಿಕ್ಸನ್ ಅವರೇ?

ಜೂನ್ 17ರ ಕೃತ್ಯ ಅವರಿಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಇದುವರೆಗೆ ಪುರಾವೆ ಸಿಕ್ಕಿಲ್ಲ. ಅವರು ಸಿಕ್ಕಿಬಿದ್ದದ್ದು ಆಮೇಲೆ ಮಾಡಿದ್ದಕ್ಕೆ: ತನಿಖೆಯ ದಾರಿ ತಪ್ಪಿಸಿದ್ದು, ಆರೋಪಿಗಳ ಬಾಯಿ ಮುಚ್ಚಿಸಲು ಹಣ ಹೋಗಲು ಬಿಟ್ಟಿದ್ದು, ಎರಡು ವರ್ಷ ಜನರಿಗೆ ಸುಳ್ಳು ಹೇಳಿದ್ದು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಟೇಪ್‌ಗಳ ಮಹತ್ವ ತಾನಾಗಿ ತಿಳಿಯುತ್ತದೆ. ಮುಚ್ಚಿಹಾಕುವ ಕೆಲಸ ನಡೆದದ್ದು ಅಧ್ಯಕ್ಷರ ಕೋಣೆಯಲ್ಲಿ, ಮಾತಿನಲ್ಲಿ. ಅದಕ್ಕೆ ಕಾಗದದ ಸಾಕ್ಷಿ ಇರಲಿಲ್ಲ.

ಹಗರಣ ಬಯಲಿಗೆಳೆದದ್ದು ಇಬ್ಬರು ಪತ್ರಕರ್ತರು ಎಂದು ಕೇಳಿದ್ದೇನೆ. ಹೌದೇ?

ಅರ್ಧ ಹೌದು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಬಾಬ್ ವುಡ್‌ವರ್ಡ್ ಮತ್ತು ಕಾರ್ಲ್ ಬರ್ನ್‌ಸ್ಟೀನ್, ಉಳಿದ ಪತ್ರಿಕೆಗಳು ಸುಮ್ಮನಿದ್ದ ತಿಂಗಳುಗಳಲ್ಲಿ ಸುದ್ದಿಯನ್ನು ಜೀವಂತವಾಗಿಟ್ಟರು. ನಿಕ್ಸನ್ ಪ್ರಚಾರಕ್ಕೆ ಬಂದ 25,000 ಡಾಲರ್‌ಗಳ ಚೆಕ್ಕೊಂದು ಕಳ್ಳರಲ್ಲಿ ಒಬ್ಬನ ಬ್ಯಾಂಕ್ ಖಾತೆಗೆ ಹೋಗಿದ್ದನ್ನು 1972ರ ಆಗಸ್ಟ್‌ನಲ್ಲೇ ಬರೆದರು. ಅವರಿಗೆ ನೆರವಾದ ಗುಪ್ತ ಮೂಲ ದೇಶದೊಳಗಿನ ತನಿಖಾ ಸಂಸ್ಥೆ ಎಫ್‌ಬಿಐನ ಎರಡನೇ ಸ್ಥಾನದಲ್ಲಿದ್ದ ಮಾರ್ಕ್ ಫೆಲ್ಟ್ ಎಂಬುದು 2005ರಲ್ಲಿ ಅವರೇ ಒಪ್ಪಿಕೊಂಡ ಮೇಲೆ ಜಗತ್ತಿಗೆ ತಿಳಿಯಿತು.

ಆದರೆ ಅಧ್ಯಕ್ಷರನ್ನು ಇಳಿಸಿದ್ದು ಪತ್ರಿಕಾ ವರದಿಯಲ್ಲ. ವಿಚಾರಣೆ ನಡೆಸಿದ ನ್ಯಾಯಾಧೀಶ ಜಾನ್ ಸಿರಿಕಾ ಕಳ್ಳರ ಕಟ್ಟುಕಥೆಯನ್ನು ನಂಬಲಿಲ್ಲ. ಕಠಿಣ ಶಿಕ್ಷೆಯ ಭಯದಲ್ಲಿ ಮೆಕಾರ್ಡ್ 1973ರ ಮಾರ್ಚ್‌ನಲ್ಲಿ ಅವರಿಗೆ ಪತ್ರ ಬರೆದು, ತಪ್ಪೊಪ್ಪಿಕೊಂಡು ಸುಮ್ಮನಿರುವಂತೆ ಒತ್ತಡವಿತ್ತು, ವಿಚಾರಣೆಯಲ್ಲಿ ಸುಳ್ಳು ಸಾಕ್ಷ್ಯ ಹೇಳಲಾಗಿದೆ ಎಂದರು. ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್ 77-0 ಮತಗಳಿಂದ ತನಿಖಾ ಸಮಿತಿ ರಚಿಸಿತ್ತು. ಅದರ ಕಲಾಪವನ್ನು ದೇಶವೇ ಟಿವಿಯಲ್ಲಿ ನೋಡಿತು. ಪತ್ರಿಕೆಯನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಸಂಬಳಕ್ಕೆ ಕೆಲಸ ಮಾಡಿದ ಕಾವಲುಗಾರ, ಗುಮಾಸ್ತ, ವಕೀಲ, ನ್ಯಾಯಾಧೀಶರ ಹೆಸರುಗಳು ಕಥೆಯಿಂದ ಬಿದ್ದುಹೋಗುವುದನ್ನು ನೋಡಿ ನನಗೆ ಬೇಸರವಾಗುತ್ತದೆ.

## ಧ್ವನಿಮುದ್ರಣ ವ್ಯವಸ್ಥೆ

ಟೇಪ್ ಎಂದರೆ ಕಳ್ಳರು ಡೆಮಾಕ್ರಟಿಕ್ ಕಚೇರಿಯಲ್ಲಿ ಕದ್ದು ಕೇಳಿದ್ದ ಮಾತುಗಳೇ?

ಅಲ್ಲ. ಈ ಗೊಂದಲ ತುಂಬಾ ಸಾಮಾನ್ಯ. ಕಳ್ಳರ ಕದ್ದಾಲಿಕೆ ಬೇರೆ, ನಿಕ್ಸನ್ ಟೇಪ್‌ಗಳೇ ಬೇರೆ. ಅವು ಅಧ್ಯಕ್ಷರು ತಮ್ಮದೇ ಕೋಣೆಗಳಲ್ಲಿ, ತಮ್ಮದೇ ಅಪ್ಪಣೆಯಂತೆ, ತಮ್ಮ ಮತ್ತು ಭೇಟಿಗೆ ಬಂದವರ ಮಾತುಗಳನ್ನು ಮುದ್ರಿಸಿಕೊಂಡಂಥವು. ಬಂದವರಲ್ಲಿ ಬಹುತೇಕರಿಗೆ ಇದು ಗೊತ್ತಿರಲಿಲ್ಲ.

ತಮ್ಮ ಮಾತನ್ನು ತಾವೇ ಏಕೆ ಮುದ್ರಿಸಿಕೊಂಡರು?

ಇತಿಹಾಸಕ್ಕಾಗಿ, ಮುಂದೆ ಆತ್ಮಕಥೆ ಬರೆಯುವಾಗ ನೆರವಾಗಲೆಂದು. ಒಳಗೆ ಒಂದು ಮಾತು ಆಡಿ ಹೊರಗೆ ಹೋಗಿ ಇನ್ನೊಂದು ಹೇಳುವವರ ವಿರುದ್ಧ ಆಧಾರ ಇರಲಿ ಎಂಬ ಯೋಚನೆಯೂ ಇತ್ತು. ಮುದ್ರಿಸಿದ ಮೊದಲ ಅಧ್ಯಕ್ಷರೇನೂ ಅವರಲ್ಲ. ರೂಸ್‌ವೆಲ್ಟ್ ಕಾಲದಿಂದಲೂ ಒಂದಲ್ಲ ಒಂದು ರೀತಿಯಲ್ಲಿ ಈ ಪದ್ಧತಿ ಇತ್ತು. ಕೆನಡಿ, ಜಾನ್ಸನ್ ಇಬ್ಬರೂ ಸಾಕಷ್ಟು ಮುದ್ರಿಸಿದ್ದರು. ಅಧಿಕಾರಕ್ಕೆ ಬಂದಾಗ ಜಾನ್ಸನ್ ಅವರ ಯಂತ್ರಗಳನ್ನು ತೆಗೆಸಿಹಾಕಿದ್ದ ನಿಕ್ಸನ್, ಎರಡು ವರ್ಷಗಳ ಬಳಿಕ ಮನಸ್ಸು ಬದಲಿಸಿದರು.

ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು? ಗುಂಡಿ ಒತ್ತುವವರು ಯಾರು?

ಯಾರೂ ಅಲ್ಲ, ತೊಂದರೆಯ ಬೇರು ಅಲ್ಲೇ ಇತ್ತು. ಹಿಂದಿನ ಅಧ್ಯಕ್ಷರು ಬೇಕೆಂದಾಗ ಯಂತ್ರ ಚಾಲೂ ಮಾಡಿಸುತ್ತಿದ್ದರು. ನಿಕ್ಸನ್ ಯಂತ್ರಗಳ ಜೊತೆ ಏಗಲಾರದವರು. ಹೀಗಾಗಿ ಧ್ವನಿ ಕೇಳಿದೊಡನೆ ತಾನಾಗಿ ಓಡುವ ವ್ಯವಸ್ಥೆಯನ್ನು 1971ರ ಫೆಬ್ರವರಿಯಲ್ಲಿ ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ ಸಿಬ್ಬಂದಿ ಅಳವಡಿಸಿದರು. ಶ್ವೇತಭವನದಲ್ಲಿ ಅಧ್ಯಕ್ಷರು ಕೂರುವ ಓವಲ್ ಕಚೇರಿಯ ಮೇಜಿನಲ್ಲಿ ಐದು ಮೈಕ್ರೋಫೋನ್, ಅಗ್ಗಿಷ್ಟಿಕೆಯ ಪಕ್ಕದ ದೀಪಗಳಲ್ಲಿ ಎರಡು. ಪಕ್ಕದ ಕಟ್ಟಡದಲ್ಲಿದ್ದ ಅಧ್ಯಕ್ಷರ ಖಾಸಗಿ ಕಚೇರಿ, ಕೆಲವು ಫೋನ್‌ಗಳು, ಆಮೇಲೆ ಅಧ್ಯಕ್ಷರ ವಿಶ್ರಾಂತಿಧಾಮವಾದ ಕ್ಯಾಂಪ್ ಡೇವಿಡ್ ಬಂಗಲೆಯೂ ಇದಕ್ಕೆ ಸೇರಿದವು. ಅಧ್ಯಕ್ಷರು ಯಾವ ಕೋಣೆಯಲ್ಲಿದ್ದಾರೆಂದು ತೋರಿಸುವ ಭದ್ರತಾ ಸೂಚಕಕ್ಕೆ ಯಂತ್ರ ಜೋಡಿಸಿದ್ದರಿಂದ ಅವರು ಒಳಗೆ ಬಂದರೆ ಸಾಕು, ರೆಕಾರ್ಡರ್ ಸಿದ್ಧವಾಗಿರುತ್ತಿತ್ತು. ಸಚಿವ ಸಂಪುಟದ ಕೋಣೆಯಲ್ಲಿ ಮಾತ್ರ ಕೈಯಿಂದ ಚಾಲೂ ಮಾಡಬೇಕಿತ್ತು.

ತೆಳುವಾದ ಟೇಪ್, ಅತ್ಯಂತ ನಿಧಾನ ವೇಗ. ಒಂದೇ ಸುರುಳಿಯಲ್ಲಿ ಹೆಚ್ಚು ಗಂಟೆ ಹಿಡಿಸಲು ಹೀಗೆ ಮಾಡಿದ್ದರು, ಅದರ ಬೆಲೆಯನ್ನು ಧ್ವನಿಯ ಗುಣಮಟ್ಟ ತೆತ್ತಿತು. ಕಪ್ಪು-ಬಸಿಗಳ ಸದ್ದು, ಕಾಗದ ಸರಿಸುವ ಸದ್ದು ಮಾತಿಗಿಂತ ಜೋರಾಗಿ ಕೇಳುವ ಕಡೆಗಳಿವೆ. 1973ರ ಜುಲೈನಲ್ಲಿ ವ್ಯವಸ್ಥೆ ನಿಲ್ಲಿಸುವ ಹೊತ್ತಿಗೆ ಸುಮಾರು 3,700 ಗಂಟೆಗಳ ಧ್ವನಿ ಸಂಗ್ರಹವಾಗಿತ್ತು. ಸದಾ ಓಡುವ ಯಂತ್ರದ ಮುಂದೆ ಎಷ್ಟು ದಿನ ಎಚ್ಚರದಿಂದ ಮಾತನಾಡಲು ಸಾಧ್ಯ? ನಿಕ್ಸನ್ ಅದನ್ನು ಮರೆತೇಬಿಟ್ಟಿದ್ದರು ಎಂಬುದು ಟೇಪ್ ಕೇಳಿದವರಿಗೆ ಸ್ಪಷ್ಟವಾಗುತ್ತದೆ.

ಇಷ್ಟು ಗುಟ್ಟಿನ ವಿಷಯ ಹೊರಬಂದದ್ದು ಹೇಗೆ?

ಒಂದು ನೇರ ಪ್ರಶ್ನೆಯಿಂದ. 1973ರ ಜೂನ್ ಕೊನೆಯಲ್ಲಿ ಅಧ್ಯಕ್ಷರ ಮಾಜಿ ಕಾನೂನು ಸಲಹೆಗಾರ ಜಾನ್ ಡೀನ್ ಸೆನೆಟ್ ಸಮಿತಿಯ ಮುಂದೆ 245 ಪುಟಗಳ ಹೇಳಿಕೆ ಓದಿ, ಮುಚ್ಚಿಹಾಕುವ ಕೆಲಸದಲ್ಲಿ ನಿಕ್ಸನ್ ಪಾಲ್ಗೊಂಡಿದ್ದರು ಎಂದರು. ಶ್ವೇತಭವನ ಅಲ್ಲಗಳೆಯಿತು. ಅಧ್ಯಕ್ಷರ ಮಾತಿನ ಎದುರು ಪದಚ್ಯುತ ನೌಕರನೊಬ್ಬನ ಮಾತು! ನಂಬುವುದು ಯಾರನ್ನು?

ಜುಲೈ 13ರ ಶುಕ್ರವಾರ ಸಮಿತಿಯ ಸಿಬ್ಬಂದಿ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಎಂಬ ಅಧಿಕಾರಿಯನ್ನು ಮುಚ್ಚಿದ ಬಾಗಿಲ ಹಿಂದೆ ವಿಚಾರಿಸುತ್ತಿದ್ದರು. ಆತ ಹಿಂದೆ ಶ್ವೇತಭವನದಲ್ಲಿ ಅಧ್ಯಕ್ಷರ ದೈನಂದಿನ ಕಾರ್ಯಕ್ರಮ, ಕಾಗದಪತ್ರ ನೋಡಿಕೊಳ್ಳುತ್ತಿದ್ದವರು, ಆಗ ವಿಮಾನಯಾನ ಇಲಾಖೆಯ ಮುಖ್ಯಸ್ಥರು. ಗಂಟೆಗಟ್ಟಲೆ ಸಾಧಾರಣ ಪ್ರಶ್ನೆಗಳಾದ ಮೇಲೆ ರಿಪಬ್ಲಿಕನ್ ಸದಸ್ಯರ ಪರವಾಗಿದ್ದ ಡೊನಾಲ್ಡ್ ಸ್ಯಾಂಡರ್ಸ್ ಎಂಬ ವಕೀಲರು, ಅಧ್ಯಕ್ಷರ ಕಚೇರಿಯಲ್ಲಿ ಮಾತು ಮುದ್ರಿಸುವ ವ್ಯವಸ್ಥೆ ಏನಾದರೂ ಇತ್ತೇ ಎಂದು ಕೇಳಿದರು. ಬಟರ್‌ಫೀಲ್ಡ್ ಸುಳ್ಳು ಹೇಳಲಿಲ್ಲ. ಅದನ್ನು ಅಳವಡಿಸಲು ಏರ್ಪಾಡು ಮಾಡಿದವರೇ ಅವರು. ಸೋಮವಾರ, ಜುಲೈ 16ರಂದು ಟಿವಿ ಕ್ಯಾಮೆರಾಗಳ ಮುಂದೆ ಅದನ್ನೇ ಮತ್ತೆ ಹೇಳಿದರು. ಪ್ರಶ್ನೆ ಕೇಳಿದ್ದು ಅಧ್ಯಕ್ಷರದೇ ಪಕ್ಷದ ಕಡೆಯ ವಕೀಲರು ಎಂಬುದನ್ನು ಗಮನಿಸಬೇಕು.

ಆ ಕೂಡಲೇ ಟೇಪ್‌ಗಳನ್ನು ಸುಟ್ಟುಹಾಕಬಹುದಿತ್ತಲ್ಲ?

ನಿಕ್ಸನ್ ಆಗ ನ್ಯುಮೋನಿಯಾದಿಂದ ನೌಕಾಪಡೆಯ ಆಸ್ಪತ್ರೆಯಲ್ಲಿದ್ದರು. ಸಲಹೆಗಾರರಲ್ಲಿ ಎರಡು ಬಣ. ನಾಶ ಮಾಡಿ ಎಂದವರೂ ಇದ್ದರು, ಅದು ತಪ್ಪೊಪ್ಪಿಗೆಯಂತೆ ಕಾಣುತ್ತದೆ ಎಂದವರೂ ಇದ್ದರು. ಒಂದು ವಾರದಲ್ಲಿ ಟೇಪ್ ಹಾಜರುಪಡಿಸಲು ಕಾನೂನಿನ ನೋಟಿಸ್ ಬಂತು. ಅದಾದ ಮೇಲೆ ಸುಟ್ಟರೆ ಸಾಕ್ಷ್ಯನಾಶದ ಅಪರಾಧ ನೇರವಾಗಿ ತಲೆಗೆ ಬರುತ್ತಿತ್ತು. ಅಧ್ಯಕ್ಷರ ವಿಶೇಷಾಧಿಕಾರ ತಮ್ಮನ್ನು ಕಾಯುತ್ತದೆ, ಯಾವ ನ್ಯಾಯಾಲಯವೂ ಕಿತ್ತುಕೊಳ್ಳಲಾರದು ಎಂಬ ನಂಬಿಕೆಯೂ ಅವರಿಗಿತ್ತು.

## ಟೇಪ್‌ಗಾಗಿ ನಡೆದ ಸಮರ

ಟೇಪ್ ಕೊಡಿ ಎಂದವರು ಯಾರು? ಕೊಡಲು ನಿಕ್ಸನ್ ಏನೆಂದರು?

ಸೆನೆಟ್ ಸಮಿತಿ ಕೊಡಿ ಎಂದಿತು, ಈ ಪ್ರಕರಣಕ್ಕೆಂದೇ ನೇಮಕವಾದ ವಿಶೇಷ ಅಭಿಯೋಜಕ (ಸರ್ಕಾರಿ ವಕೀಲ) ಆರ್ಚಿಬಾಲ್ಡ್ ಕಾಕ್ಸ್ ಕೂಡ ಒಂಬತ್ತು ಟೇಪ್ ಕೊಡಬೇಕೆಂದರು. ಅಧ್ಯಕ್ಷರು ಸಲಹೆಗಾರರೊಂದಿಗೆ ಆಡಿದ ಮಾತು ಗೋಪ್ಯ, ಕಾರ್ಯಾಂಗದ ವಿಶೇಷಾಧಿಕಾರ ಎಂದು ನಿಕ್ಸನ್ ನಿರಾಕರಿಸಿದರು. ಸಿರಿಕಾ ಕೊಡಿ ಎಂದರು, ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆಗ ನಿಕ್ಸನ್ ಸಾರಾಂಶ ಕೊಡುತ್ತೇನೆ, ಸೆನೆಟರ್ ಜಾನ್ ಸ್ಟೆನಿಸ್ ಟೇಪ್ ಕೇಳಿ ಅದನ್ನು ತಾಳೆ ನೋಡಲಿ ಎಂಬ ರಾಜಿ ಮುಂದಿಟ್ಟರು. ಸ್ಟೆನಿಸ್ ವೃದ್ಧರು, ಕಿವಿ ಮಂದ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಾಕ್ಸ್ ಒಪ್ಪಲಿಲ್ಲ.

ಆ ಶನಿವಾರ ರಾತ್ರಿ ನಡೆದದ್ದೇನು?

1973ರ ಅಕ್ಟೋಬರ್ 20. ಕಾಕ್ಸ್ ಅವರನ್ನು ವಜಾ ಮಾಡಿ ಎಂದು ನಿಕ್ಸನ್ ತಮ್ಮ ಅಟಾರ್ನಿ ಜನರಲ್ (ನ್ಯಾಯ ಇಲಾಖೆಯ ಮುಖ್ಯಸ್ಥ) ಎಲಿಯಟ್ ರಿಚರ್ಡ್‌ಸನ್ ಅವರಿಗೆ ಆದೇಶಿಸಿದರು. ಕಾಕ್ಸ್ ಅವರ ಸ್ವಾತಂತ್ರ್ಯ ಕಾಪಾಡುತ್ತೇನೆಂದು ಸೆನೆಟ್‌ಗೆ ಮಾತು ಕೊಟ್ಟಿದ್ದ ರಿಚರ್ಡ್‌ಸನ್ ರಾಜೀನಾಮೆ ಕೊಟ್ಟರು. ಅವರ ಕೆಳಗಿನ ವಿಲಿಯಂ ರಕಲ್ಸ್‌ಹೌಸ್ ಕೂಡ ಒಪ್ಪದೆ ಹೊರನಡೆದರು. ಮೂರನೆಯವರಾದ ಸಾಲಿಸಿಟರ್ ಜನರಲ್ ರಾಬರ್ಟ್ ಬೋರ್ಕ್ ಸಹಿ ಹಾಕಿದರು. ಅಭಿಯೋಜಕರ ಕಚೇರಿಗೆ ಎಫ್‌ಬಿಐ ಕಾವಲು ಬಂತು.

ಜನ ಸುಮ್ಮನಿರಲಿಲ್ಲ. ಲಕ್ಷಾಂತರ ತಂತಿಗಳು ವಾಷಿಂಗ್ಟನ್‌ಗೆ ಬಂದು ಬಿದ್ದವು. ನಿಕ್ಸನ್ ಕೆಲವೇ ದಿನಗಳಲ್ಲಿ ಮಣಿದು ಮೊದಲ ಕಂತಿನ ಟೇಪ್ ಕೊಡಲು ಒಪ್ಪಿದರು. ಹೊಸ ಅಭಿಯೋಜಕರಾಗಿ ಬಂದ ಟೆಕ್ಸಾಸ್‌ನ ಲಿಯಾನ್ ಜವೋರ್ಸ್ಕಿ ಕಾಕ್ಸ್ ಅವರಷ್ಟೇ ಗಟ್ಟಿ ಎಂಬುದು ಆಮೇಲೆ ತಿಳಿಯಿತು. ಕುರ್ಚಿ ಬಿಟ್ಟು ಎದ್ದ ಆ ಇಬ್ಬರೂ ರಿಪಬ್ಲಿಕನ್ನರು, ನಿಕ್ಸನ್ ಅವರೇ ನೇಮಿಸಿದವರು. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸುವುದು ಈ ಕೆಲವು ಗಂಟೆಗಳು.

ಟೇಪ್‌ನಲ್ಲಿ 18 ನಿಮಿಷ ಅಳಿಸಿಹೋಗಿದೆಯಂತೆ. ಅಳಿಸಿದ್ದು ಯಾರು?

ಹದಿನೆಂಟೂವರೆ ನಿಮಿಷ. ಕಳ್ಳರು ಸಿಕ್ಕ ಮೂರು ದಿನಗಳ ಬಳಿಕ, ಜೂನ್ 20ರಂದು, ನಿಕ್ಸನ್ ತಮ್ಮ ಮುಖ್ಯ ಸಹಾಯಕ ಎಚ್. ಆರ್. ಹಾಲ್ಡೆಮನ್ ಜೊತೆ ಆಡಿದ ಮಾತು. ಅಲ್ಲಿ ಈಗ ಗುಂಯ್‌ಗುಡುವ ಸದ್ದು ಬಿಟ್ಟರೆ ಏನೂ ಇಲ್ಲ. ಅಧ್ಯಕ್ಷರ ಕಾರ್ಯದರ್ಶಿ ರೋಸ್ ಮೇರಿ ವುಡ್ಸ್, ಟೇಪ್ ಕೇಳಿ ಟೈಪ್ ಮಾಡುವಾಗ ಫೋನ್ ಬಂತು, ಕಾಲು ಪೆಡಲ್ ಮೇಲೇ ಇದ್ದು ತಪ್ಪು ಗುಂಡಿ ಒತ್ತಿರಬೇಕು, ಐದು ನಿಮಿಷದಷ್ಟು ತನ್ನಿಂದ ಹೋಗಿರಬಹುದು ಎಂದರು. ಆ ಭಂಗಿಯನ್ನು ಛಾಯಾಗ್ರಾಹಕರ ಮುಂದೆ ಮಾಡಿ ತೋರಿಸಿದರು: ಒಂದು ಕಾಲು ಪೆಡಲ್ ಮೇಲೆ, ಮೈ ಪೂರ್ತಿ ಹಿಂದಕ್ಕೆ ವಾಲಿಸಿ ಎಡಗೈ ದೂರದ ಫೋನ್‌ನತ್ತ. ಆ ಚಿತ್ರ ನೋಡಿದವರು ಯಾರೂ ಅದನ್ನು ನಂಬಲಿಲ್ಲ. ನ್ಯಾಯಾಲಯ ನೇಮಿಸಿದ ತಜ್ಞರು 1974ರ ಜನವರಿಯಲ್ಲಿ, ಕನಿಷ್ಠ ಐದು ಬಾರಿ ಬೇರೆ ಬೇರೆಯಾಗಿ ಅಳಿಸಲಾಗಿದೆ ಎಂದು ವರದಿ ಕೊಟ್ಟರು. ಕೈತಪ್ಪಿ ಐದು ಸಲ ಆಗುವುದಿಲ್ಲ. ಅಳಿಸಿದ ಕೈ ಯಾರದೆಂದು ಸಾಬೀತಾಗಲಿಲ್ಲ. ಮೂಲ ಟೇಪ್ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಧ್ವನಿ ಮರಳಿ ಪಡೆಯುವ ಪ್ರಯತ್ನವನ್ನು 2003ರಲ್ಲಿ ಕೈಬಿಡಲಾಯಿತು.

ನಿಕ್ಸನ್ ತಾವೇ ಪಠ್ಯ ಪ್ರಕಟಿಸಿದರಲ್ಲ, ಅದರಲ್ಲಿ ಏನಿತ್ತು?

1974ರ ಏಪ್ರಿಲ್ ಕೊನೆಯಲ್ಲಿ ಟೇಪ್ ಬದಲು 1,200ಕ್ಕೂ ಹೆಚ್ಚು ಪುಟಗಳ ಲಿಖಿತ ಪಠ್ಯ ಬಿಡುಗಡೆ ಮಾಡಿದರು. ಬೈಗುಳ ಬಂದಲ್ಲೆಲ್ಲ 'ಅಸಭ್ಯ ಪದ ತೆಗೆಯಲಾಗಿದೆ' ಎಂಬ ಟಿಪ್ಪಣಿ. ಅಷ್ಟು ಟಿಪ್ಪಣಿಗಳನ್ನು ನೋಡಿ ನಿಕ್ಸನ್ ಅವರ ಸಭ್ಯತೆಯನ್ನು ಮೆಚ್ಚಿದ್ದ ಸಂಪ್ರದಾಯಸ್ಥ ಬೆಂಬಲಿಗರು ಕೂಡ ಬೆಚ್ಚಿಬಿದ್ದರು. ಬಳಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಸಮಿತಿ ತಾನೇ ಟೇಪ್ ಕೇಳಿ ಬರೆದ ಪಠ್ಯದೊಂದಿಗೆ ಹೋಲಿಸಿದಾಗ ಬೈಗುಳವಷ್ಟೇ ಅಲ್ಲ, ಪ್ರಕರಣಕ್ಕೆ ಬೇಕಾದ ಮಾತುಗಳೇ ಮಾಯವಾಗಿದ್ದವು. 1973ರ ಮಾರ್ಚ್ 22ರಂದು, ಬಾಯಿ ಬಿಡಬೇಡಿ, ಮುಚ್ಚಿಹಾಕಿ, ಏನು ಬೇಕಾದರೂ ಮಾಡಿ ಎಂಬ ಅರ್ಥದಲ್ಲಿ ಜಾನ್ ಮಿಚೆಲ್ ಅವರಿಗೆ ಹೇಳಿದ್ದು ಶ್ವೇತಭವನದ ಪ್ರತಿಯಲ್ಲಿ ಇರಲಿಲ್ಲ. ಮಿಚೆಲ್ ಹಿಂದೆ ದೇಶದ ಅಟಾರ್ನಿ ಜನರಲ್, ಕಾನೂನು ಕಾಯಬೇಕಾದವರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸುಪ್ರೀಂ ಕೋರ್ಟ್ ನಿಕ್ಸನ್ ಪರ ಇರಲಿಲ್ಲವೇ? ಅವರೇ ನೇಮಿಸಿದ ನ್ಯಾಯಮೂರ್ತಿಗಳಿದ್ದರಲ್ಲ?

ನಾಲ್ವರಿದ್ದರು. ಮಿಚೆಲ್ ಕೈಕೆಳಗೆ ಕೆಲಸ ಮಾಡಿದ್ದ ವಿಲಿಯಂ ರೆನ್‌ಕ್ವಿಸ್ಟ್ ವಿಚಾರಣೆಯಿಂದ ಹಿಂದೆ ಸರಿದರು. ಉಳಿದ ಎಂಟೂ ಮಂದಿ 1974ರ ಜುಲೈ 24ರಂದು ಒಮ್ಮತದಿಂದ 64 ಟೇಪ್‌ಗಳನ್ನು ಒಪ್ಪಿಸಲು ಹೇಳಿದರು. ತೀರ್ಪು ಬರೆದವರು ನಿಕ್ಸನ್ ಆರಿಸಿದ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್. ಅಧ್ಯಕ್ಷರ ಗೋಪ್ಯತೆಯ ಹಕ್ಕು ಇದೆ, ಆದರೆ ಅದು ಎಲ್ಲೆಯಿಲ್ಲದ ಹಕ್ಕಲ್ಲ. ಕ್ರಿಮಿನಲ್ ವಿಚಾರಣೆಗೆ ನಿರ್ದಿಷ್ಟ ಸಾಕ್ಷ್ಯ ಬೇಕಾದಾಗ ಅದು ದಾರಿ ಬಿಡಬೇಕು. ತೀರ್ಪಿನ ತಿರುಳು ಇಷ್ಟೇ.

ಕೊನೆಗೆ ಅವರನ್ನು ಇಳಿಸಿದ ಟೇಪ್‌ನಲ್ಲಿ ಏನಿದೆ?

1972ರ ಜೂನ್ 23ರ ಬೆಳಗ್ಗೆ. ಕಳ್ಳರು ಸಿಕ್ಕು ಆರು ದಿನ. ಓವಲ್ ಕಚೇರಿಯಲ್ಲಿ ನಿಕ್ಸನ್ ಮತ್ತು ಹಾಲ್ಡೆಮನ್. ಎಫ್‌ಬಿಐ ಕೈಗೆ ಸಿಗುತ್ತಿಲ್ಲ, ಹಣದ ಜಾಡು ಹಿಡಿದು ಬರುತ್ತಿದ್ದಾರೆ ಎನ್ನುತ್ತಾರೆ ಹಾಲ್ಡೆಮನ್. ಪರಿಹಾರವನ್ನೂ ಅವರೇ ತಂದಿದ್ದಾರೆ: ವಿದೇಶಿ ಗುಪ್ತಚರ ಸಂಸ್ಥೆ ಸಿಐಎಯ ಉಪ ಮುಖ್ಯಸ್ಥ ವರ್ನನ್ ವಾಲ್ಟರ್ಸ್ ಅವರಿಂದ ಎಫ್‌ಬಿಐಗೆ ಫೋನ್ ಮಾಡಿಸಿ, ಇದರಿಂದ ದೂರವಿರಿ ಎಂದು ಹೇಳಿಸುವುದು. ನಿಕ್ಸನ್ ಸರಿ ಎನ್ನುತ್ತಾರೆ. ಹೇಗೆ ಹೇಳಬೇಕೆಂಬುದನ್ನೂ ಕಲಿಸುತ್ತಾರೆ: ಕ್ಯೂಬಾದ ಹಳೆಯ ಬೇ ಆಫ್ ಪಿಗ್ಸ್ (1961ರಲ್ಲಿ ಸಿಐಎ ನಡೆಸಿ ವಿಫಲವಾದ ದಾಳಿ) ವಿಷಯವೆಲ್ಲ ಮತ್ತೆ ಬಯಲಾಗುತ್ತದೆ, ದೇಶದ ಹಿತಕ್ಕಾಗಿ ನಿಲ್ಲಿಸಿ ಅನ್ನಿ. ಅದೇ ಮಾತುಕತೆ ಅಲ್ಲಿಂದ ಬ್ರಿಟಿಷ್ ಪೌಂಡ್, ಇಟಲಿಯ ಲಿರಾ ಕಡೆಗೆ ಹೊರಳುತ್ತದೆ. ದನಿ ಏರಿಸಿಲ್ಲ, ಪಿಸುಮಾತೂ ಇಲ್ಲ. ಅಪರಾಧವೊಂದು ದಿನದ ಕಡತಗಳ ನಡುವೆ ಇನ್ನೊಂದು ಕಡತದಂತೆ ವಿಲೇವಾರಿಯಾಗುತ್ತದೆ. ಕೇಳುವಾಗ ನನ್ನನ್ನು ಕಲಕುವುದು ಆ ನಿರಾಳ ದನಿ.

ಎರಡು ವರ್ಷ ತಮಗೇನೂ ಗೊತ್ತಿರಲಿಲ್ಲ ಎನ್ನುತ್ತಿದ್ದ ಅಧ್ಯಕ್ಷರ ಮಾತನ್ನು ಈ ಟೇಪ್ ಸುಳ್ಳು ಮಾಡಿತು. 1974ರ ಆಗಸ್ಟ್ 5ರಂದು ಪಠ್ಯ ಹೊರಬಂತು. 7ರಂದು ಬ್ಯಾರಿ ಗೋಲ್ಡ್‌ವಾಟರ್ ಸೇರಿ ಮೂವರು ರಿಪಬ್ಲಿಕನ್ ನಾಯಕರು ಶ್ವೇತಭವನಕ್ಕೆ ಹೋಗಿ, ಪದಚ್ಯುತಿಯ ವಿಚಾರಣೆ ನಡೆದರೆ ಸೆನೆಟ್‌ನಲ್ಲಿ ಬೆಂಬಲ ಉಳಿದಿಲ್ಲ ಎಂದರು. 8ರ ರಾತ್ರಿ ರಾಜೀನಾಮೆಯ ಘೋಷಣೆ.

## ಆಳಕ್ಕಿಳಿಯುವ ಪ್ರಶ್ನೆಗಳು

ನಿಕ್ಸನ್ ವಾಗ್ದಂಡನೆಗೆ (ಇಂಪೀಚ್‌ಮೆಂಟ್) ಒಳಗಾದರು ಎಂದು ಪಠ್ಯದಲ್ಲಿ ಓದಿದ ನೆನಪು. ಸರಿಯೇ?

ಸರಿಯಲ್ಲ. ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿ ಜುಲೈ ಕೊನೆಯಲ್ಲಿ ಮೂರು ಆರೋಪಗಳನ್ನು ಅಂಗೀಕರಿಸಿತು: ನ್ಯಾಯಕ್ಕೆ ಅಡ್ಡಿ, ಅಧಿಕಾರ ದುರುಪಯೋಗ, ಕಾಂಗ್ರೆಸ್‌ನ (ಅಮೆರಿಕದ ಸಂಸತ್ತಿನ) ಆದೇಶಗಳ ಉಲ್ಲಂಘನೆ. ಇಡೀ ಸಭೆಯ ಮತದಾನಕ್ಕೆ ಮುನ್ನವೇ ಅವರು ರಾಜೀನಾಮೆ ಕೊಟ್ಟರು.

ಟೇಪ್‌ಗಳು ಸಾಕ್ಷಿಗಳ ಮಾತನ್ನು ಒರೆಹಚ್ಚಿದ್ದಕ್ಕೆ ಒಂದು ಉದಾಹರಣೆ ಕೊಡುತ್ತೀರಾ?

1973ರ ಮಾರ್ಚ್ 21ರ ಟೇಪ್. ಅಧ್ಯಕ್ಷ ಪದವಿಗೆ ಹತ್ತಿರದಲ್ಲೇ ಕ್ಯಾನ್ಸರ್ ಬೆಳೆಯುತ್ತಿದೆ ಎಂದು ಡೀನ್ ಎಚ್ಚರಿಸುತ್ತಾರೆ. ಆರೋಪಿಗಳು ಹಣ ಕೇಳುತ್ತಿದ್ದಾರೆ, ಹತ್ತು ಲಕ್ಷ ಡಾಲರ್ ಬೇಕಾದೀತು ಎನ್ನುತ್ತಾರೆ. ಅಷ್ಟು ಹಣ, ಅದೂ ನಗದಾಗಿ, ಹೊಂದಿಸಬಹುದು ಎನ್ನುತ್ತಾರೆ ನಿಕ್ಸನ್. ಆದರೆ ಹಾಗೆ ಮಾಡುವುದು ತಪ್ಪು ಎಂದೂ ಅಧ್ಯಕ್ಷರು ಸೇರಿಸಿದ್ದರು ಎಂದು ಹಾಲ್ಡೆಮನ್ ಸೆನೆಟ್ ಮುಂದೆ ಪ್ರಮಾಣ ಮಾಡಿ ಹೇಳಿದರು. ಟೇಪ್‌ನಲ್ಲಿ 'ತಪ್ಪು' ಎಂಬ ಮಾತು ಬರುವುದು ಹಣದ ಬಗ್ಗೆ ಅಲ್ಲ, ಆರೋಪಿಗಳಿಗೆ ಕ್ಷಮಾದಾನ ಕೊಡುವ ಬಗ್ಗೆ. ಹಾಲ್ಡೆಮನ್ ಮೇಲೆ ಸುಳ್ಳುಸಾಕ್ಷ್ಯದ ಅಪರಾಧವೂ ಸಾಬೀತಾಯಿತು. ಡೀನ್ ನೆನಪಿನಿಂದ ಹೇಳಿದ್ದರಲ್ಲಿ ದಿನಾಂಕ, ವಿವರಗಳು ಅಲ್ಲಲ್ಲಿ ತಪ್ಪಿದ್ದರೂ ಒಟ್ಟು ಚಿತ್ರ ನಿಜವಿತ್ತು.

ಯಾರಿಗೆಲ್ಲ ಶಿಕ್ಷೆಯಾಯಿತು? ನಿಕ್ಸನ್ ಜೈಲಿಗೆ ಏಕೆ ಹೋಗಲಿಲ್ಲ?

ಮಿಚೆಲ್, ಹಾಲ್ಡೆಮನ್, ಆಂತರಿಕ ವ್ಯವಹಾರಗಳ ಸಲಹೆಗಾರ ಜಾನ್ ಅರ್ಲಿಕ್‌ಮನ್ ಮೂವರೂ 1975ರ ಜನವರಿ 1ರಂದು ತಪ್ಪಿತಸ್ಥರೆಂದು ತೀರ್ಮಾನವಾಗಿ, ತಲಾ ಒಂದೂವರೆ ವರ್ಷದಷ್ಟು ಸೆರೆಯಲ್ಲಿದ್ದರು. ಬಾಯಿ ಬಿಡದ ಲಿಡ್ಡಿ ನಾಲ್ಕು ವರ್ಷಕ್ಕೂ ಹೆಚ್ಚು. ನಿಕ್ಸನ್ ಅವರಿಗೆ ಹೊಸ ಅಧ್ಯಕ್ಷ ಜೆರಾಲ್ಡ್ ಫೋರ್ಡ್ 1974ರ ಸೆಪ್ಟೆಂಬರ್ 8ರಂದು ಸಂಪೂರ್ಣ ಕ್ಷಮಾದಾನ ಕೊಟ್ಟರು. ದೇಶ ಇದರಿಂದ ಹೊರಬರಬೇಕು ಎಂಬುದು ಫೋರ್ಡ್ ವಾದ. ಅದನ್ನು ನಾನು ಒಪ್ಪಲಾರೆ. ಅಪ್ಪಣೆ ಪಾಲಿಸಿದವರು ಜೈಲಿಗೆ ಹೋಗಿ, ಒಪ್ಪಿಗೆ ಕೊಟ್ಟವರು ಮನೆಗೆ ಹೋಗುವುದು ನ್ಯಾಯವಾಗುವುದಿಲ್ಲ.

ವಾರಕ್ಕೆ 80 ಡಾಲರ್ ಸಂಬಳದ ಫ್ರಾಂಕ್ ವಿಲ್ಸ್ ಕಥೆಯನ್ನೂ ಇಲ್ಲೇ ಹೇಳಬೇಕು. ಸ್ವಲ್ಪ ಕಾಲ ಹೆಸರಾದರು, ಆಮೇಲೆ ನೆಲೆಯಾದ ಕೆಲಸ ಸಿಗದೆ ಬಡತನದಲ್ಲೇ 2000ದಲ್ಲಿ ತೀರಿಕೊಂಡರು.

ಈ ಟೇಪ್‌ಗಳಲ್ಲಿ ಇಂದಿರಾ ಗಾಂಧಿಯವರನ್ನು ಬೈದಿರುವುದು ನಿಜವೇ?

ನಿಜ. 1971ರ ನವೆಂಬರ್ 4 ಮತ್ತು 5ರಂದು ಇಂದಿರಾ ಗಾಂಧಿ ವಾಷಿಂಗ್ಟನ್‌ನಲ್ಲಿದ್ದರು. ಪೂರ್ವ ಪಾಕಿಸ್ತಾನದಿಂದ ಲಕ್ಷೋಪಲಕ್ಷ ನಿರಾಶ್ರಿತರು ಭಾರತಕ್ಕೆ ಬಂದು ಸೇರುತ್ತಿದ್ದ ಕಾಲ. ಎರಡು ಭೇಟಿಗಳ ನಡುವೆ ನಿಕ್ಸನ್ ಮತ್ತು ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಆಡಿಕೊಂಡ ಮಾತು ಮುದ್ರಿತವಾಗಿದೆ. ಇಂದಿರಾ ಅವರನ್ನು ನಿಕ್ಸನ್ 'ಮುದಿ ಮಾಟಗಾತಿ' ಎನ್ನುತ್ತಾರೆ. ಕಿಸಿಂಜರ್ ಇನ್ನೂ ಕೀಳು ಪದ ಬಳಸಿ, ಭಾರತೀಯರನ್ನು ಒಟ್ಟಾಗಿ ನಿಂದಿಸುತ್ತಾರೆ. 2005ರಲ್ಲಿ ಇದು ಹೊರಬಂದಾಗ ಕಿಸಿಂಜರ್ ವಿಷಾದ ಹೇಳಿದರು. ಬೈಗುಳಕ್ಕಿಂತ ನಮಗೆ ಮುಖ್ಯವಾಗಬೇಕಾದ್ದು ನೀತಿ: ಪಾಕಿಸ್ತಾನದ ಸೈನಿಕ ಆಡಳಿತಗಾರ ಯಾಹ್ಯಾ ಖಾನ್ ಕಡೆಗಿನ ಒಲವು, ಚೀನಾದೊಂದಿಗೆ ನಂಟು ಬೆಳೆಸುವ ಆತುರ, ಢಾಕಾದಲ್ಲಿದ್ದ ತಮ್ಮದೇ ರಾಯಭಾರ ಅಧಿಕಾರಿ ಆರ್ಚರ್ ಬ್ಲಡ್ ಕಳಿಸಿದ ಕಗ್ಗೊಲೆಯ ವರದಿಗಳ ಕಡೆಗಣನೆ. 1971ರ ಯುದ್ಧದ ಚರಿತ್ರೆ ಬರೆಯುವವರಿಗೆ ವಾಟರ್‌ಗೇಟ್‌ಗಿಂತ ಈ ಗಂಟೆಗಳೇ ಹೆಚ್ಚು ಬೆಲೆಯುಳ್ಳವು.

ನಮ್ಮ ರಾಮಕೃಷ್ಣ ಹೆಗಡೆಯವರ ಫೋನ್ ಕದ್ದಾಲಿಕೆ ಪ್ರಕರಣವೂ ಇದೇ ಬಗೆಯದಲ್ಲವೇ?

ಕರ್ನಾಟಕದಲ್ಲಿ ಈ ಪ್ರಶ್ನೆ ಬಾರದ ಸಭೆಯೇ ಇಲ್ಲ. 1988ರ ಆಗಸ್ಟ್‌ನಲ್ಲಿ ರಾಜಕಾರಣಿಗಳು ಮತ್ತಿತರರ ಫೋನ್ ಕದ್ದು ಕೇಳಿದ ಆರೋಪ ಎದ್ದಾಗ ಹೆಗಡೆಯವರು ನೈತಿಕ ಹೊಣೆಯ ಮೇಲೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಎಸ್. ಆರ್. ಬೊಮ್ಮಾಯಿ ಆ ಜಾಗಕ್ಕೆ ಬಂದರು. ಅಲ್ಲಿ ಆರೋಪ ಬೇರೆಯವರ ಮಾತನ್ನು ಕೇಳಿಸಿಕೊಂಡದ್ದು. ಆ ಮಟ್ಟಿಗೆ ಅದನ್ನು ವಾಟರ್‌ಗೇಟ್‌ನ ಕಳ್ಳರ ಕೃತ್ಯಕ್ಕೆ ಹೋಲಿಸಬಹುದು, ನಿಕ್ಸನ್ ಟೇಪ್‌ಗಳಿಗಲ್ಲ. ಇನ್ನೊಂದು ಅಂತರ: ಹೆಗಡೆಯವರು ಆರೋಪ ಬಂದ ಮೇಲೆ ಕುರ್ಚಿಗೆ ಅಂಟಿ ಕೂರಲಿಲ್ಲ. ನಿಕ್ಸನ್ ಕೊನೆಯ ನ್ಯಾಯಾಲಯದವರೆಗೆ ಹೋಗಿ, ಸೋತ ಮೇಲೆ ಬಿಟ್ಟರು.

ಧ್ವನಿಮುದ್ರಣ ನಮ್ಮ ನ್ಯಾಯಾಲಯಗಳಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತದೆಯೇ?

ನಿಲ್ಲುತ್ತದೆ. ಸರಿಸುಮಾರು ವಾಟರ್‌ಗೇಟ್ ಕಾಲದಲ್ಲೇ ನಮ್ಮ ಸುಪ್ರೀಂ ಕೋರ್ಟ್ ಆರ್. ಎಂ. ಮಲ್ಕಾನಿ ಪ್ರಕರಣದಲ್ಲಿ ಲಂಚದ ಮಾತುಕತೆಯ ಟೇಪನ್ನು ಒಪ್ಪಿಕೊಂಡಿತು. ಧ್ವನಿ ಯಾರದೆಂದು ಗುರುತಾಗಬೇಕು, ತಿದ್ದುಪಡಿಯಾಗಿಲ್ಲವೆಂದು ಖಾತ್ರಿಯಾಗಬೇಕು, ವಿಷಯಕ್ಕೆ ಸಂಬಂಧವಿರಬೇಕು. ಈಗ ಮೊಬೈಲ್ ಧ್ವನಿಗಳ ಕಾಲ. ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರದ ನಿಯಮವೂ ಸೇರಿದೆ.

ಇಂದು ಹೀಗಾದರೆ ಅಧ್ಯಕ್ಷರು ಸಿಕ್ಕಿಬೀಳುತ್ತಾರೆಯೇ?

ಕಷ್ಟ ಎನ್ನಿಸುತ್ತದೆ. 2024ರ ಜುಲೈ 1ರಂದು ಅಮೆರಿಕದ ಸುಪ್ರೀಂ ಕೋರ್ಟ್ ಟ್ರಂಪ್ ಪ್ರಕರಣದಲ್ಲಿ 6-3 ಬಹುಮತದಿಂದ, ಅಧ್ಯಕ್ಷರ ಮೂಲ ಸಂವಿಧಾನದತ್ತ ಅಧಿಕಾರಗಳಿಗೆ ಪೂರ್ಣ ರಕ್ಷಣೆ, ಇತರ ಅಧಿಕೃತ ಕೃತ್ಯಗಳಿಗೆ ಮೇಲ್ನೋಟದ ರಕ್ಷಣೆ ಇದೆ ಎಂದಿತು. ಸಿಐಎ ಮೂಲಕ ಎಫ್‌ಬಿಐಯನ್ನು ತಡೆದದ್ದು ಅಧಿಕೃತ ಕೃತ್ಯವೇ ಎಂದು ನಿಕ್ಸನ್ ಪರ ವಕೀಲರು ಇಂದು ವಾದಿಸಬಹುದು. ಟೇಪ್ ಒಪ್ಪಿಸಬೇಕೆಂಬ 1974ರ ತೀರ್ಪು ಮಾತ್ರ ರದ್ದಾಗಿಲ್ಲ. ಆದರೂ ನನಗೆ ಹೆಚ್ಚು ಆತಂಕ ತರುವುದು ಕಾನೂನಲ್ಲ. ರಿಚರ್ಡ್‌ಸನ್, ಗೋಲ್ಡ್‌ವಾಟರ್ ಅವರಂತೆ ತಮ್ಮದೇ ನಾಯಕನ ಎದುರು ನಿಲ್ಲುವವರು ಸಿಗುತ್ತಾರೆಯೇ ಎಂಬುದು.

ಟೇಪ್‌ಗಳು ಇಲ್ಲದಿದ್ದರೆ?

ನಿಕ್ಸನ್ ಅವಧಿ ಮುಗಿಸುತ್ತಿದ್ದರು ಎಂದೇ ನನ್ನ ನಂಬಿಕೆ. ಆದರೆ ಟೇಪ್ ಇದ್ದ ಮಾತ್ರಕ್ಕೆ ಏನೂ ಆಗಲಿಲ್ಲ. ಬಟರ್‌ಫೀಲ್ಡ್ ಬಾಯಿ ಬಿಟ್ಟ ದಿನದಿಂದ ಜೂನ್ 23ರ ಮಾತು ಹೊರಬರಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟೂ ಕಾಲ ಬೆನ್ನು ಬಿಡದೆ ಕೇಳಿದವರಿದ್ದರು. ಅವರಿಲ್ಲದಿದ್ದರೆ ಆ ಸುರುಳಿಗಳು ಕಪಾಟಿನಲ್ಲೇ ಇರುತ್ತಿದ್ದವು.

ಈಗ ಇವುಗಳನ್ನು ನಾವು ಕೇಳಬಹುದೇ? ಎಲ್ಲಿಂದ ಶುರು ಮಾಡಲಿ?

ಕೇಳಬಹುದು. 1974ರಲ್ಲೇ ಕಾಂಗ್ರೆಸ್ ಕಾಯ್ದೆ ಮಾಡಿ ಟೇಪ್‌ಗಳನ್ನು ಸರ್ಕಾರದ ವಶಕ್ಕೆ ತಂದಿತು. ನಿಕ್ಸನ್ ಸಾಯುವವರೆಗೂ ಬಿಡುಗಡೆಯ ವಿರುದ್ಧ ಹೋರಾಡಿದರು. ಈಗ ಸುಮಾರು 3,000 ಗಂಟೆಗಳಷ್ಟು ಮುಕ್ತವಾಗಿವೆ. ಉಳಿದವು ದೇಶದ ಭದ್ರತೆ ಮತ್ತು ಖಾಸಗಿತನದ ಕಾರಣಕ್ಕೆ ಮುಚ್ಚಿವೆ. ಕ್ಯಾಲಿಫೋರ್ನಿಯಾದ ಯೋರ್ಬಾ ಲಿಂಡಾದಲ್ಲಿರುವ ನಿಕ್ಸನ್ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲು 1972ರ ಜೂನ್ 23, ಆಮೇಲೆ 1973ರ ಮಾರ್ಚ್ 21, ಬಳಿಕ 1971ರ ನವೆಂಬರ್ 5 ಕೇಳಿ. ಹೆಡ್‌ಫೋನ್ ಬೇಕೇ ಬೇಕು. ಲಿಖಿತ ಪಠ್ಯ ಪಕ್ಕದಲ್ಲಿರಲಿ, ಆದರೆ ಅದನ್ನೇ ಪೂರ್ತಿ ನಂಬಬೇಡಿ. ಒಂದೇ ವಾಕ್ಯವನ್ನು ಬೇರೆ ಬೇರೆ ವಿದ್ವಾಂಸರು ಬೇರೆ ಬೇರೆಯಾಗಿ ಕೇಳಿಸಿಕೊಂಡಿದ್ದಾರೆ. ಅನುಮಾನ ಬಂದಲ್ಲಿ ಹಿಂದಕ್ಕೆ ಹೋಗಿ ಮತ್ತೊಮ್ಮೆ ಕೇಳಿ.